ಡೈರಿ ಪಂಪಿನಲ್ಲಿ ವಿಮಾನದ ಪೆಟ್ರೋಲು

ಸ್ಪ್ಯಾನರಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಏರ್‌ಸ್ಟ್ರಿಪ್ಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವಾಗ ಒಂದು ಮಾತನ್ನು ಮಾತ್ರ ಬಿಟ್ಟುಬಿಡುತ್ತಿದ್ದರು. ಆ ಕೋಪವನ್ನು ಅಷ್ಟೆತ್ತರಕ್ಕೆ ಹತ್ತಿಸಿ ಕೂರಿಸಲು ದಿನಾ ಬೆಳಗ್ಗೆ ಎದ್ದು ಪಾಡುಪಡುತ್ತಿದ್ದವರು ಅವರೇ. ಇಪ್ಪತ್ತೆರಡು ವರ್ಷದಿಂದ ಆಕೆ ಅಲ್ಲಿನ ಮೆಕ್ಯಾನಿಕ್. ಇದ್ದದ್ದು ಎರಡೇ ಎರಡು ಪುಟಾಣಿ ವಿಮಾನ, ಒಂದು ಹಳದಿ, ಒಂದು ಬಿಳಿ. ಇಬ್ಬರು ಕೂತರೆ ಮೂರನೆಯವನ ಟೋಪಿಗೂ ಒಳಗೆ ಜಾಗವಿಲ್ಲ. ಬೆಳಗಾದರೆ ಎರಡೂ ಹಾರಿ, ಬೆಟ್ಟಗಳ ಮೇಲೆ ಹಾದುಹೋದ ಹೈಟೆನ್ಷನ್ ತಂತಿಗಳನ್ನು ಕಂಬದಿಂದ ಕಂಬಕ್ಕೆ ನೋಡಿಕೊಂಡು, ಎಲ್ಲಿ ಮರ ಒರಗಿದೆ, ಎಲ್ಲಿ ತಂತಿ ಹಿಡಿಯುವ ಪಿಂಗಾಣಿ ಬಟ್ಟಲು ಒಡೆದಿದೆ ಎಂದು ಬರೆದುಕೊಂಡು ಬರಬೇಕು. ಹಳದಿಯದನ್ನು ಹಾರಿಸುತ್ತಿದ್ದವನು ಆಕೆಯ ಸ್ವಂತ ತಮ್ಮ. ಬಿಳಿಯದಕ್ಕೆ ಗಡ್ಡದ ಪೈಲಟ್. ಈ ಗಡ್ಡದವನು ಹೇಳಿದಷ್ಟು ಕೆಲಸ ಮಾಡಿ, ತುಟಿ ಪಿಟಕ್ಕೆನ್ನದೆ ಮನೆಗೆ ಹೋಗುತ್ತಿದ್ದ. ಅದೊಂದೇ ಕಾರಣಕ್ಕೆ ಆಕೆಗೆ ಅವನ ಮೇಲೆ ಗೌರವವಿತ್ತು.

ತಲೆನೋವು ಶುರುವಾದದ್ದು ಒಂದು ಕಾಗದದಿಂದ. ತಿಂಗಳಿಗೊಮ್ಮೆ ಟ್ಯಾಂಕರಿನಲ್ಲಿ ಪೆಟ್ರೋಲು ತಂದುಕೊಡುತ್ತಿದ್ದ ಕಂಪನಿಯವರು, ನಿಮ್ಮ ಎರಡು ಸೊಳ್ಳೆಗಳಿಗಾಗಿ ಇಷ್ಟು ದೂರ ಟ್ಯಾಂಕರ್ ಓಡಿಸಲು ನಮಗೆ ತಲೆ ಕೆಟ್ಟಿಲ್ಲ ಎಂಬುದನ್ನು ಬಹಳ ಮರ್ಯಾದೆಯ ಭಾಷೆಯಲ್ಲಿ ಬರೆದು ತಿಳಿಸಿದ್ದರು. ಇನ್ನು ಮುಂದೆ ಪೆಟ್ರೋಲು ಬರುವುದು ಲಾರಿಯಲ್ಲಿ, ಇನ್ನೂರು ಲೀಟರಿನ ಡ್ರಮ್ಮುಗಳಲ್ಲಿ. ಟ್ಯಾಂಕರಿಗಾದರೆ ಅದರದೇ ಪಂಪು, ಅದರದೇ ಫಿಲ್ಟರು ಇರುತ್ತಿತ್ತು. ಡ್ರಮ್ಮಿಗೆ ಇರುವುದು ಒಂದು ಮುಚ್ಚಳ. ಅದರಿಂದ ಪೆಟ್ರೋಲು ಎತ್ತುವುದು ಹೇಗೆ, ಸೋಸುವುದು ಹೇಗೆ ಎಂಬುದನ್ನು ಕಾಗದದಲ್ಲಿ ಯಾರೂ ಬರೆದಿರಲಿಲ್ಲ. ಕಾರಿನ ಪೆಟ್ರೋಲಿಗೆ ಒಂದು ಚಮಚ ನೀರು ಸೇರಿದರೆ ಕಾರು ಗೊರಗೊರ ಎಂದು ರಸ್ತೆ ಪಕ್ಕಕ್ಕೆ ನಿಲ್ಲುತ್ತದೆ, ಅಷ್ಟೇ. ಆಕಾಶದಲ್ಲಿ ರಸ್ತೆ ಪಕ್ಕ ಎಂಬುದು ಇಲ್ಲ.

ಮ್ಯಾನೇಜರನಿಗೆ ಇದೊಂದು ಸಮಸ್ಯೆ ಅಂತಲೇ ಅನ್ನಿಸಲಿಲ್ಲ. ಲೋಕದ ಎಲ್ಲ ಕಷ್ಟಕ್ಕೂ ಬೇಕಾದ ಸಾಮಾನು ಯಾವುದೋ ಬೀರುವಿನಲ್ಲಿ ಆಗಲೇ ಬಿದ್ದಿರುತ್ತದೆ ಎಂದು ನಂಬಿದ್ದ ಮನುಷ್ಯ ಆತ. ಮಾರನೆಯ ದಿನವೇ ತನ್ನ ಮನೆಯ ಹೂದೋಟಕ್ಕೆ ನೀರು ಬಿಡುವ ಕರೆಂಟಿನ ಪಂಪನ್ನು ಹೊತ್ತು ತಂದ.

"ಸ್ವಿಚ್ ಹಾಕಿದ್ರೆ ಆಯ್ತು ಮೇಡಂ. ಎರಡು ನಿಮಿಷದಲ್ಲಿ ಟ್ಯಾಂಕ್ ಫುಲ್."

"ಟ್ಯಾಂಕೂ ಫುಲ್, ನಾವೂ ಮೇಲೆ," ಎಂದಳು ಸ್ಪ್ಯಾನರಕ್ಕ. "ಒಳಗೆ ಒಂದು ಕಿಡಿ ಹಾರಿದ್ರೆ ಸಾಕು ಸಾರ್, ಮೇಲೆ ಹೋಗೋಕೆ ನಮಗೆ ವಿಮಾನಾನೇ ಬೇಕಾಗಲ್ಲ."

ತಮ್ಮನದು ಇನ್ನೊಂದು ಬಗೆಯ ಬುದ್ಧಿವಂತಿಕೆ. ಡ್ರಮ್ಮಿಗೆ ರಬ್ಬರ್ ಪೈಪು ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಎಳೆದ. ಪೆಟ್ರೋಲು ಬಂತು, ಬಾಯಿ ತುಂಬ ಬಂತು. ಇಡೀ ದಿನ ಉಗುಳುತ್ತ ಓಡಾಡಿದ. ಸೋಸಲು ಅವನು ತಂದಿದ್ದದ್ದು ಒಂದು ಹಳೆಯ ಬನಿಯನ್ನು. ಅದರಲ್ಲಿ ಬಟ್ಟೆಗಿಂತ ತೂತೇ ಹೆಚ್ಚಿತ್ತು. ಸ್ಪ್ಯಾನರಕ್ಕ ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ, ಅವನ ತಲೆಯ ಮೇಲೇ ಎಸೆದಳು.

ಆ ರಾತ್ರಿ ಊಟಕ್ಕೆ ಕೂತಾಗಲೂ ಆಕೆಯ ಬಾಯಿ ನಿಲ್ಲಲಿಲ್ಲ. ಮ್ಯಾನೇಜರನನ್ನು ಬೈದಳು, ತಮ್ಮನನ್ನು ಬೈದಳು, ಡ್ರಮ್ಮನ್ನು ಕಂಡುಹಿಡಿದವನನ್ನೂ ಬೈದಳು. ಕೇಳಲು ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಅವರು ಕೇಳುತ್ತಾರೋ ಇಲ್ಲವೋ ಎಂಬುದು ಕೂಡ ಖಾತ್ರಿಯಿರಲಿಲ್ಲ. ಅಮ್ಮ ಹೋಗಿ ಒಂದೂವರೆ ವರ್ಷ. ಅಂದಿನಿಂದ ಅಪ್ಪ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಕೊಟ್ಟರೆ ಉಣ್ಣುವರು, ಕೇಳಿದರೆ ಹೂಂ ಎನ್ನುವರು. ನಲವತ್ತು ವರ್ಷ ಡೈರಿಯಲ್ಲಿ ಹಾಲು ಸೋಸುವ ವಿಭಾಗವನ್ನು ನೋಡಿಕೊಂಡವರು, ಅವರ ಕೈಯಿಂದ ಹೋದ ಒಂದು ಕ್ಯಾನೂ ಗಲೀಜು ಎಂದು ವಾಪಸ್ ಬಂದದ್ದಿಲ್ಲ. ಈಗ ತಮ್ಮದೇ ಲುಂಗಿಯ ಮೇಲೆ ಸಾರು ಚೆಲ್ಲಿದರೂ ನೋಡುತ್ತಿರಲಿಲ್ಲ. ಮಗಳು ಬೇಡದ ಬೈಗುಳವೆಲ್ಲ ಮುಗಿಸಿ ನೀರು ಕುಡಿಯುವಾಗ, ಗೋಡೆಯ ಕಡೆಯಿಂದ ಒಂದು ಪ್ರಶ್ನೆ ಬಂತು.

"ಗಂಟೆಗೆ ಎಷ್ಟು ಲೀಟರ್ ಬೇಕು ನಿಂಗೆ?"

ಸ್ಪ್ಯಾನರಕ್ಕನಿಗೆ ನೀರು ನೆತ್ತಿಗೇರಿತು.

ಮಾರನೆಯ ದಿನ ಅಪ್ಪ ಬಸ್ಸು ಹತ್ತಿ ಡೈರಿಯ ಹಿಂದಿನ ಗುಜರಿ ರಾಶಿಗೆ ಹೋದರು. ಸಂಜೆ ಬಂದಾಗ ಆಟೋದಲ್ಲಿ ಕೈಯಿಂದ ತಿರುಗಿಸುವ ಒಂದು ಸ್ಟೀಲ್ ಪಂಪು, ಮೊಣಕಾಲೆತ್ತರದ ಒಂದು ಸ್ಟೀಲ್ ಫಿಲ್ಟರ್ ಡಬ್ಬಿ, ಮತ್ತು ಆ ಆಟೋದವನೊಂದಿಗೆ ದಾರಿಯುದ್ದಕ್ಕೂ ಜಗಳವಾಡಿ ಕೆಂಪಗಾದ ಅಪ್ಪನ ಮುಖ ಇದ್ದವು. ಆ ಕೆಂಪು ಮುಖವನ್ನು ಆಕೆ ಒಂದೂವರೆ ವರ್ಷದಿಂದ ಕಂಡಿರಲಿಲ್ಲ.

ಕಟ್ಟುವುದು ಸಲೀಸಾಗಿ ಆಯಿತು ಎಂದರೆ ಸುಳ್ಳಾಗುತ್ತದೆ. ಅಪ್ಪ ಮಗಳು ದಿನಕ್ಕೆ ಮೂರು ಸಲ ಮಾತು ಬಿಟ್ಟರು. ಪಂಪಿನೊಳಗಿನ ಬಿಳಿ ರಬ್ಬರ್ ರಿಂಗುಗಳನ್ನು ಬದಲಿಸಬೇಕು ಎಂದು ಆಕೆ, ಬೇಕಿಲ್ಲ ಎಂದು ಅಪ್ಪ.

"ನಲವತ್ತು ವರ್ಷ ಹಾಲಿಗೆ ತಡೆದಿದೆ, ನಿನ್ನ ಪೆಟ್ರೋಲಿಗೆ ತಡೆಯಲ್ವಾ?"

"ಹಾಲಲ್ಲ ಅಪ್ಪಾ ಇದು!"

ಎರಡು ದಿನಕ್ಕೆ ಬಿಳಿ ರಿಂಗುಗಳು ನೆನೆಸಿದ ಬ್ರೆಡ್ಡಿನಂತೆ ಉಬ್ಬಿ, ಪಂಪಿನ ಹಿಡಿಕೆ ಅಲ್ಲಾಡದೆ ನಿಂತಿತು. ಅಪ್ಪ ಒಂದು ರಿಂಗನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಅದೇ, ಹಾಲಲ್ಲ ಇದು," ಎಂದು ತಾವೇ ಕಂಡುಹಿಡಿದವರಂತೆ ಹೇಳಿದರು. ಆಕೆ ಮೈ ಪರಚಿಕೊಳ್ಳುವುದೊಂದು ಬಾಕಿ. ಪೆಟ್ರೋಲಿಗೆ ತಡೆಯುವ ಕಪ್ಪು ರಿಂಗು ತಂದು ಹಾಕಿದಳು.

ಕೊನೆಗೆ ನಿಂತದ್ದು ಹೀಗೆ. ಡ್ರಮ್ಮನ್ನು ಒಂದು ಸ್ಟ್ಯಾಂಡಿನ ಮೇಲೆ ತುಸು ಹಿಂದಕ್ಕೆ ವಾಲಿಸಿಟ್ಟರು, ತುಕ್ಕು, ನೀರು ಏನಿದ್ದರೂ ಹಿಂಬದಿಯ ಮೂಲೆಗೆ ಇಳಿಯಲಿ ಎಂದು. ಪೆಟ್ರೋಲು ಎಳೆಯುವ ಕೊಳವೆ ತಳಕ್ಕಿಂತ ನಾಲ್ಕು ಬೆರಳು ಮೇಲೆ. ಅಲ್ಲಿಂದ ಕೈಪಂಪು, ಪಂಪಿನಿಂದ ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ತುಕ್ಕು ತಡೆಯಲು ಉಣ್ಣೆಯ ದಪ್ಪ ಪದರ. ಅದರಾಚೆ ಬೇರೆ ಊರಿಂದ ತರಿಸಿದ ವಿಶೇಷ ಕಾಗದದ ಉರುಳೆ. ಈ ಉರುಳೆ ನೀರು ಕಂಡರೆ ಕುಡಿದು ಊದಿಕೊಂಡು ದಾರಿಯನ್ನೇ ಮುಚ್ಚಿಬಿಡುತ್ತಿತ್ತು. ಡಬ್ಬಿಯಿಂದ ಆಚೆಗೆ ಉದ್ದನೆಯ ಪೈಪು, ಪೈಪಿನ ತುದಿಗೆ ನಳಿಕೆ, ನಳಿಕೆಯಿಂದ ವಿಮಾನದ ರೆಕ್ಕೆಗೆ. ಕಿಡಿ ಹಾರದಿರಲಿ ಎಂದು ಡ್ರಮ್ಮಿನಿಂದ ವಿಮಾನಕ್ಕೆ ಒಂದು ತಾಮ್ರದ ತಂತಿ. ಮ್ಯಾನೇಜರ್ ಬಂದು ನೋಡಿ, ಇದರಲ್ಲಿ ತನ್ನದೂ ಏನಾದರೂ ಇರಲಿ ಎಂದು ಬಾಗಿಲಿಗೆ 'ಇಂಧನ ವಿತರಣಾ ಘಟಕ' ಎಂದು ಬೋರ್ಡು ಬರೆಸಿ ಹಾಕಿದ. ಅಪ್ಪ ಮಾತ್ರ ಅದನ್ನು ಸೋಸುವ ಮನೆ ಎಂದೇ ಕರೆದರು.

ಮೂರು ವಾರ ಅದು ಒಂದು ಹನಿ ತಪ್ಪಿಲ್ಲದೆ ಕೆಲಸ ಮಾಡಿತು. ಆ ಮೂರು ವಾರವೂ ಪಂಪು ತಿರುಗಿಸಿದ್ದು ಸ್ಪ್ಯಾನರಕ್ಕ, ಅಪ್ಪ ಪಕ್ಕದಲ್ಲಿ ನಿಂತು ತಪ್ಪು ಹುಡುಕುತ್ತಿದ್ದರು. ಆಕೆಗೆ ಇಂಜಿನ್ನಿನ ಕೆಲಸವೇ ಕತ್ತಿನ ತನಕ ಇತ್ತು. ಕೊನೆಗೆ ಮ್ಯಾನೇಜರನೇ, "ಯಜಮಾನ್ರೇ, ಬೀಗದ ಕೈ ನೀವೇ ಇಟ್ಕೊಳ್ಳಿ, ಸೋಮವಾರದಿಂದ ನಿಮ್ಮದೇ ಜವಾಬ್ದಾರಿ," ಎಂದ. ಆ ಮನುಷ್ಯ ಇಷ್ಟು ವರ್ಷದಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಆಕೆಗೆ ಅನ್ನಿಸಿತು. ಸೋಮವಾರ ಬೆಳಕು ಹರಿಯುವ ಮೊದಲೇ ಅಪ್ಪ ಗಡ್ಡ ಹೆರೆದುಕೊಂಡು, ಕೈಚೀಲದಲ್ಲಿ ಫ್ಲಾಸ್ಕು ಇಟ್ಟುಕೊಂಡು, ಸೈಕಲ್ ಹತ್ತಿ ಹೋದರು. ಕಿಟಕಿಯಿಂದ ಅದನ್ನು ನೋಡಿದ ಮಗಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು.

ಅದೇ ಸೋಮವಾರ ಹಳದಿ ವಿಮಾನದಲ್ಲಿ ನೀರು ಸಿಕ್ಕಿತು.

ವಿಮಾನದ ಟ್ಯಾಂಕಿನ ತಳಕ್ಕೆ ಒಂದು ಪುಟ್ಟ ನಲ್ಲಿ ಇರುತ್ತದೆ. ಪೆಟ್ರೋಲು ತುಂಬಿಸಿ ಕಾಲು ಗಂಟೆ ಬಿಟ್ಟು, ಆ ನಲ್ಲಿಯಿಂದ ಗಾಜಿನ ಜಾಡಿಗೆ ಸ್ವಲ್ಪ ಇಳಿಸಿ ನೋಡಬೇಕು. ಪೆಟ್ರೋಲು ಮೇಲೆ ನಿಲ್ಲುತ್ತದೆ, ನೀರಿದ್ದರೆ ಅಡಿಯಲ್ಲಿ ಗೋಲಿಯಂತೆ ಉರುಳಾಡುತ್ತದೆ. ಸೋಮವಾರ ಅಡಿಯಲ್ಲಿ ಒಂದು ಚಮಚದಷ್ಟು ಉರುಳಾಡಿತು. ಇಳಿಸಿ ಚೆಲ್ಲಿ, ಮತ್ತೆ ನೋಡಿ, ಶುದ್ಧವಾದ ಮೇಲೆ ತಮ್ಮ ಹಾರಿದ. ಮಂಗಳವಾರ ಮತ್ತೆ ಅಷ್ಟೇ ನೀರು.

ಸ್ಪ್ಯಾನರಕ್ಕನ ತಲೆ ಚಿಟ್ಟು ಹಿಡಿಯಿತು. ಡ್ರಮ್ಮಿನ ತಳದಿಂದ ತೆಗೆದು ನೋಡಿದಳು, ನೀರಿಲ್ಲ. ಫಿಲ್ಟರ್ ಡಬ್ಬಿಯ ತಳದಿಂದ ತೆಗೆದಳು, ಇಲ್ಲ. ಕಾಗದದ ಉರುಳೆಯನ್ನು ಬಿಚ್ಚಿ ನೋಡಿದರೆ ಅದು ಹೊಸದರ ಹಾಗೆ ಒಣಗಿ ಕೂತಿತ್ತು. ಮಧ್ಯಾಹ್ನ ನಳಿಕೆಯಿಂದಲೂ ಒಂದು ಜಾಡಿ ಹಿಡಿದಳು, ಅದೂ ಶುದ್ಧ. ಬಿಳಿ ವಿಮಾನದಲ್ಲಂತೂ ಒಂದು ತೊಟ್ಟೂ ಇಲ್ಲ. ಅದೇ ಡ್ರಮ್ಮು, ಅದೇ ಪಂಪು, ಅದೇ ಪೈಪು, ನೀರು ಮಾತ್ರ ಹಳದಿಯದಕ್ಕೆ! ಅಂದಮೇಲೆ ತಪ್ಪು ಹಳದಿಯದ್ದೇ ಇರಬೇಕು ಎಂದು ಅದರ ಟ್ಯಾಂಕಿನ ಮುಚ್ಚಳಗಳ ರಬ್ಬರನ್ನೆಲ್ಲ ಕಿತ್ತು ಹೊಸದು ಹಾಕಿದಳು. ರಾತ್ರಿ ಇಬ್ಬನಿಯಲ್ಲಿ ನಿಲ್ಲಿಸಿದ್ದಕ್ಕೆ ತಮ್ಮನ ಬೆವರಿಳಿಸಿದಳು. ನಿಲ್ಲಿಸಿರಲೇ ಇಲ್ಲ, ಶೆಡ್ಡಿನೊಳಗೇ ಇತ್ತು ಎಂದು ಅವನು ಹೇಳಿದ್ದಕ್ಕೆ ಇನ್ನಷ್ಟು ಇಳಿಸಿದಳು. ಡ್ರಮ್ಮು ತಂದ ಲಾರಿಯವನಿಗೆ ಫೋನು ಮಾಡಿ ಅವನ ಮೂರು ತಲೆಮಾರನ್ನು ಜಾಲಾಡಿದಳು. ಆಕೆ ಅನುಮಾನಪಡದವರು ಯಾರೂ ಉಳಿಯಲಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ದಿನವೂ ಆಕೆಯ ಹಿಂದೆಯೇ ನಿಂತು, ಟಾರ್ಚು ಹಿಡಿದು, "ಸರಿಯಾಗಿ ನೋಡಮ್ಮ, ಎಲ್ಲೋ ಸಂದಿಯಿರುತ್ತೆ," ಎನ್ನುತ್ತಿದ್ದರು.

ಬುಧವಾರ ಎಲ್ಲವೂ ತಡವಾಗಿತ್ತು. ಯಾವುದೋ ಬೆಟ್ಟದ ಮೇಲೆ ತಂತಿ ಹರಿದಿದೆ ಎಂದು ಫೋನು ಬಂದು, ಕಾಲು ಗಂಟೆ ಕಾಯಲು ಪುರುಸೊತ್ತಿಲ್ಲದೆ, ತುಂಬಿಸಿದ ಕೂಡಲೇ ಜಾಡಿ ಹಿಡಿದು ನೋಡಿದರು. ನೀರು ಇನ್ನೂ ತಳಕ್ಕೆ ಇಳಿದಿರಲಿಲ್ಲ, ಜಾಡಿ ಶುದ್ಧವಾಗಿ ಕಂಡಿತು. ತಮ್ಮ ವಿಮಾನ ಓಡಿಸಿದ. ಚಕ್ರ ನೆಲ ಬಿಡುವ ಹೊತ್ತಿಗೆ ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಸದ್ದೇ ಇಲ್ಲ. ವಿಮಾನ ಕೆಳಗೆ ಕುಕ್ಕರಿಸಿ, ಜಾರಿ, ಹುಲ್ಲಿನ ಮೇಲೆ ಓಡಿ, ತುದಿಯ ತಂತಿಬೇಲಿಗೆ ಮೂಗು ತಾಗಿಸಿ ನಿಂತಿತು. ಇನ್ನು ಹತ್ತು ಕ್ಷಣ ಬಿಟ್ಟು ಕೆಮ್ಮಿದ್ದರೆ ಕೆಳಗೆ ಹುಲ್ಲಿರುತ್ತಿರಲಿಲ್ಲ, ಕಲ್ಲು ಗಣಿಯ ಹಳ್ಳ ಇರುತ್ತಿತ್ತು. ತಮ್ಮ ಇಳಿದು ಸಿಳ್ಳೆ ಹಾಕುತ್ತ ಬಂದ. ಹೆದರಿದಾಗ ಅವನು ಸಿಳ್ಳೆ ಹಾಕುತ್ತಾನೆಂದು ಅಕ್ಕನಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಮ್ಯಾನೇಜರ್ ಆ ಸಂಜೆಯೇ ಮಾತು ಮುಗಿಸಿದ. "ಶನಿವಾರದ ತನಕ ಟೈಮು ಮೇಡಂ. ಶನಿವಾರವೂ ಜಾಡಿಯಲ್ಲಿ ನೀರು ಕಂಡ್ರೆ ಈ ಮನೆಗೆ ಬೀಗ ಹಾಕಿ, ವಿಮಾನಗಳನ್ನ ಆಚೆ ಏರ್‌ಸ್ಟ್ರಿಪ್ಪಿಗೆ ಕಳಿಸ್ತೀನಿ. ಅಲ್ಲಿ ಸರಿಯಾದ ಪಂಪಿದೆ."

ಆಚೆಯ ಏರ್‌ಸ್ಟ್ರಿಪ್ಪು ಎರಡು ಗಂಟೆಯ ದಾರಿ. ಆಕೆ ಹೇಗೋ ಬಸ್ಸು ಹಿಡಿದು ಹೋಗಿಬಂದಾಳು. ಆದರೆ ಸೋಸುವ ಮನೆಗೆ ಬೀಗ ಬಿದ್ದರೆ ಅಪ್ಪ ಮತ್ತೆ ಮಂಚಕ್ಕೆ, ಗೋಡೆಗೆ. ಈ ಸಲ ಆ ಗೋಡೆಯಿಂದ ಅವರನ್ನು ಈಚೆಗೆ ತಿರುಗಿಸಲು ಇನ್ನೊಂದು ಪಂಪು ಸಿಗುವುದಿಲ್ಲ. ಹಾಗೆಂದು ಆಕೆಗೆ ಖಂಡಿತವಾಗಿ ಗೊತ್ತಿತ್ತು, ಅದಕ್ಕೇ ಗುರುವಾರ, ಶುಕ್ರವಾರ ಎರಡೂ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಮಾಡಿನ ಹೆಂಚು ನೋಡಿದಳು, ಡ್ರಮ್ಮಿನ ಹೊಲಿಗೆ ನೋಡಿದಳು, ಹಳದಿಯದರ ರೆಕ್ಕೆಯನ್ನೇ ಅರ್ಧ ಬಿಚ್ಚಿ ಜೋಡಿಸಿದಳು. ವಿಮಾನವನ್ನು ನೆಲ ಬಿಡಲು ಬಿಡದೆ ಬರೀ ತುಂಬಿಸಿ, ಕಾದು, ಜಾಡಿ ಹಿಡಿದರು. ಗುರುವಾರ ಮತ್ತೆ ಒಂದು ಚಮಚ. ಶುಕ್ರವಾರ ಎರಡು.

"ಹೆಚ್ಚಾಗ್ತಿದೆಯಲ್ಲಪ್ಪಾ!" ಎಂದು ಆಕೆ ತಲೆಯ ಮೇಲೆ ಕೈ ಹೊತ್ತಳು. "ಯಾವನೋ ಬೇಕಂತಲೇ ಮಾಡ್ತಿದ್ದಾನೆ. ಸಿಗಲಿ, ಅವನ ಕೈ ಮುರೀತೀನಿ ನಾನು."

"ನಾಳೆ ಇನ್ನೂ ಬೇಗ ಬಂದು ನೋಡ್ತೀನಿ ಬಿಡು," ಎಂದರು ಅಪ್ಪ.

ಶನಿವಾರ ಆಕೆಯೂ ಬೇಗ ಹೊರಟಳು. ಬೇಕಂತಲೇ ಮಾಡುತ್ತಿದ್ದವನನ್ನು ಹಿಡಿಯಲು ಸ್ಕೂಟರನ್ನು ಗೇಟಿನ ಹೊರಗೇ ನಿಲ್ಲಿಸಿ, ಸದ್ದು ಮಾಡದೆ, ಕೈಯಲ್ಲಿ ದೊಡ್ಡದೊಂದು ಸ್ಪ್ಯಾನರ್ ಹಿಡಿದು ನಡೆದಳು. ಪೂರ್ವದಲ್ಲಿ ಆಗ ತಾನೆ ಬೆಳಕು. ಸೋಸುವ ಮನೆಯ ಬಾಗಿಲು ತೆರೆದಿತ್ತು, ಒಳಗಿಂದ ತೆಳ್ಳಗೆ ಆವಿ ಬರುತ್ತಿತ್ತು.

ಅಪ್ಪ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಸ್ಟೂಲಿನ ಮೇಲೆ ನಿಂತಿದ್ದರು. ನಳಿಕೆಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಪೈಪಿನ ತುದಿಯನ್ನು ಎತ್ತಿ ಹಿಡಿದು, ಅದಕ್ಕೊಂದು ಆಲಿಕೆ ಸಿಕ್ಕಿಸಿ, ಫ್ಲಾಸ್ಕಿನಿಂದ ಬಿಸಿನೀರು ಹುಯ್ಯುತ್ತಿದ್ದರು. ಫ್ಲಾಸ್ಕಿನಲ್ಲಿ ಚಹಾ ಎಂದು ಆಕೆ ಇಷ್ಟು ದಿನ ತಿಳಿದಿದ್ದಳು. ಹುಯ್ದು, ಅಲ್ಲಾಡಿಸಿ, ಬಕೆಟ್ಟಿಗೆ ಬಗ್ಗಿಸಿ, ಮತ್ತೆ ಹುಯ್ದು, ಮತ್ತೆ ಬಗ್ಗಿಸಿ, ಶುದ್ಧವಾದ ಬಟ್ಟೆಯಲ್ಲಿ ತುದಿ ಒರೆಸಿ, ನಳಿಕೆ ಸಿಕ್ಕಿಸಿ, ಗೋಡೆಯ ಎರಡು ಮೊಳೆಗಳಿಗೆ ಪೈಪನ್ನು ಸುರುಳಿ ಸುತ್ತಿ ತೂಗುಹಾಕಿದರು. ಬಾಯಲ್ಲಿ ಏನೋ ಹಾಡು. ಡೈರಿಯಲ್ಲಿ ದಿನದ ಮೊದಲ ಹಾಲು ಹರಿಸುವ ಮುನ್ನ ಪೈಪುಗಳಿಗೆಲ್ಲ ಬಿಸಿನೀರು ಕೊಡುವುದು ವಾಡಿಕೆ. ನಲವತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ ಅವರು. ಅಲ್ಲಿನ ಪೈಪು ನೆಟ್ಟಗಿನ ಸ್ಟೀಲು, ನೀರು ನಿಲ್ಲುತ್ತಿರಲಿಲ್ಲ. ಇದು ಸುರುಳಿ. ಸುರುಳಿಯ ಪ್ರತಿ ತಗ್ಗಿನಲ್ಲೂ ಒಂದಿಷ್ಟು ನೀರು ನಿಂತು, ಬೆಳಗಿನ ಮೊದಲ ಪೆಟ್ರೋಲಿನ ಜೊತೆ ಮೊದಲ ವಿಮಾನಕ್ಕೆ ಹೋಗುತ್ತಿತ್ತು. ಮೊದಲ ವಿಮಾನ ಯಾವಾಗಲೂ ಹಳದಿಯದು.

ಸ್ಪ್ಯಾನರಕ್ಕ ಬಾಗಿಲಲ್ಲೇ ನಿಂತಳು. ಒಂದು ವಾರದಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ಗಂಟಲಿನಲ್ಲೇ ಇದ್ದವು, ಒಂದೂ ಹೊರಗೆ ಬರಲಿಲ್ಲ. ಹೇಳದೆ ಇದ್ದುಬಿಡೋಣ ಎಂದುಕೊಂಡಳು. ಮಾಡು ಸೋರುತ್ತಿತ್ತು, ಅದಕ್ಕೆ ಪೈಪನ್ನು ಬೇರೆ ಕಡೆ ಇಡೋಣ ಎಂದು ಏನಾದರೂ ಸುಳ್ಳು ಹೆಣೆಯಬಹುದು. ಇಲ್ಲವೇ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳಬಹುದು. ಮೆಲ್ಲಗೆ! ಅಮ್ಮ ಹೋದಾಗಿನಿಂದ ನೆಂಟರೆಲ್ಲ ಅಪ್ಪನೊಂದಿಗೆ ಮೆಲ್ಲಗೇ ಮಾತಾಡುತ್ತಿದ್ದರು. ನಿಧಾನವಾಗಿ, ಎಳೆಮಗುವಿಗೆ ಹೇಳುವ ಹಾಗೆ, ನೀವು ಸುಮ್ಮನೆ ಕೂತ್ಕೊಳ್ಳಿ ಎಂದು. ಆ ದನಿ ಕೇಳಿದಾಗಲೆಲ್ಲ ಅಪ್ಪ ಒಂದೊಂದು ಗೇಣು ಕುಗ್ಗಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಕೆಲಸದವರನ್ನು ಯಾರೂ ಮೆಲ್ಲಗೆ ಮಾತಾಡಿಸುವುದಿಲ್ಲ. ಕೆಲಸಕ್ಕೆ ಬಾರದವರನ್ನು ಮಾತ್ರ ಹಾಗೆ ಮಾತಾಡಿಸುತ್ತಾರೆ.

"ಅಪ್ಪಾ!" ಎಂದು ಆಕೆ ಕಿರುಚಿದ ರಭಸಕ್ಕೆ ಅಪ್ಪ ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಏನ್ ಮಾಡ್ತಿದ್ದೀಯ?"

"ಬಂದ್ಯಾ? ಪೈಪ್ ತೊಳೀತಿದ್ದೆ ಕಣಮ್ಮ. ದಿನಾ ಒಂದು ಸಲ ತೊಳೀತಿದ್ದೆ, ನಿನ್ನೆಯಿಂದ ಎರಡು ಸಲ. ನೀರು ಎಲ್ಲಿಂದಾದ್ರೂ ಬರಲಿ, ನಮ್ಮ ಕಡೆಯಿಂದ ಗಲೀಜು ಅಂತ ಇರಬಾರ್ದು ನೋಡು."

ಆಕೆ ಪೈಪನ್ನು ಮೊಳೆಯಿಂದ ಇಳಿಸಿ, ನಳಿಕೆಯನ್ನು ಜಾಡಿಯೊಳಗಿಟ್ಟು ಒತ್ತಿ, ಸುರುಳಿಯನ್ನು ಎತ್ತಿ ಹಿಡಿದಳು. ಬೆಚ್ಚಗಿನ ನೀರು ಬುಳುಬುಳು ಎಂದು ಇಳಿದು ಜಾಡಿ ಕಾಲು ಭಾಗ ತುಂಬಿತು. ಅಪ್ಪ ಜಾಡಿಯನ್ನು ನೋಡಿದರು, ಪೈಪನ್ನು ನೋಡಿದರು, ಆಮೇಲೆ ಫಿಲ್ಟರ್ ಡಬ್ಬಿಯನ್ನು ನೋಡಿದರು. ಆಕೆ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಆದರೂ ಆಕೆ ಹೇಳಿದಳು, ಬಾಯಿಗೆ ಬಂದಂತೆ ಹೇಳಿದಳು.

"ನಲವತ್ತು ವರ್ಷ ಸೋಸಿದವನು ನೀನು! ಫಿಲ್ಟರ್ ಆದ್ಮೇಲಿನ ಪೈಪಿದು. ಇದಕ್ಕೆ ನೀರು ಹುಯ್ದರೆ ಹಿಡಿಯೋಕೆ ಮುಂದೆ ಯಾವನಿದ್ದಾನೆ? ಒಂದು ಮಾತು ಕೇಳಬಾರ್ದಾ ನನ್ನ? ಆ ಲಾರಿಯವನಿಗೆ ಅಷ್ಟು ಬೈದಿದ್ದೀನಿ, ಈಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅವನ ಹತ್ರ? ರೆಕ್ಕೆ ಬಿಚ್ಚಿ ಹಾಕಿದೀನಿ ನಾನು, ರೆಕ್ಕೆ!"

ಅಪ್ಪ ಸ್ಟೂಲಿನಿಂದ ಇಳಿದು, ಎರಡು ಕೈಯನ್ನೂ ಪಕ್ಕಕ್ಕೆ ಬಿಟ್ಟು ನಿಂತಿದ್ದರು.

"ಬುಧವಾರ..." ಎಂದರು. "ಅವನು ಬೇಲಿಗೆ ಹೋಗಿ..."

"ಹೂಂ. ಅದೂ ಇದರಿಂದಲೇ."

ಅಪ್ಪನ ಮುಖ ಬಿಳಿಚಿಕೊಂಡಿತು. ಆಕೆಗೆ ಅಲ್ಲಿಗೇ ನಿಲ್ಲಿಸಿ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡರೆ ಎಲ್ಲ ಮುಗಿದಂತೆ. ಹಲ್ಲು ಕಚ್ಚಿ ದನಿಯನ್ನು ಇನ್ನೂ ಏರಿಸಿದಳು.

"ಸುಮ್ನೆ ನಿಂತ್ರೆ ಆಗಲ್ಲ! ನಾಳೆಯಿಂದ ಏನ್ ಮಾಡ್ತೀಯ, ಅದು ಹೇಳು ನಂಗೆ!"

ಅಪ್ಪ ತಲೆಯೆತ್ತಿದರು. ನಾಳೆಯಿಂದ ಎಂಬ ಮಾತನ್ನು ಅವರು ಕೇಳಿಸಿಕೊಂಡದ್ದು ಆಕೆಗೆ ಕಂಡಿತು.

"ಪೆಟ್ರೋಲಲ್ಲೇ ತೊಳೀತೀನಿ," ಎಂದರು. "ಬೆಳಗಿನ ಮೊದಲ ಐದು ಲೀಟರ್ ಬೇರೆ ಡಬ್ಬಿಗೆ ಬಿಡ್ತೀನಿ."

"ಹತ್ತು!"

"ಹತ್ತು."

ಎಂಟು ಗಂಟೆಗೆ ಮ್ಯಾನೇಜರ್ ಒಂದು ಕೈಯಲ್ಲಿ ಹೊಸ ಬೀಗ, ಇನ್ನೊಂದರಲ್ಲಿ ಬುಧವಾರದ ಘಟನೆಯ ಫಾರಂ ಹಿಡಿದು ಬಂದ. ಫಾರಮ್ಮಿನಲ್ಲಿ ಕಾರಣ ಎಂಬ ಸಾಲು ಖಾಲಿಯಿತ್ತು. ಸ್ಪ್ಯಾನರಕ್ಕ 'ಪೈಪಿನಲ್ಲಿ ತೇವಾಂಶ' ಎಂದು ಬರೆಯಲು ಪೆನ್ನು ತೆಗೆದಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ದುಂಡಗಿನ ಅಕ್ಷರದಲ್ಲಿ, 'ಪೈಪನ್ನು ನೀರಿನಲ್ಲಿ ತೊಳೆದವನು ನಾನು. ಹಾಲಿನ ಅಭ್ಯಾಸದಿಂದ ಮಾಡಿದೆ. ಇನ್ನು ಮಾಡುವುದಿಲ್ಲ' ಎಂದು ಬರೆದು ಸಹಿ ಹಾಕಿದರು. ಮ್ಯಾನೇಜರ್ ಎರಡು ಸಲ ಓದಿದ. ಯಂತ್ರ ದೋಷ, ಹವಾಮಾನ, ಇತರೆ ಎಂದು ಅಲ್ಲಿ ಮೂರೇ ಚೌಕಗಳಿದ್ದವು. ಯಾವುದಕ್ಕೆ ಗುರುತು ಹಾಕುವುದೆಂದು ಬಹಳ ಯೋಚಿಸಿ ಇತರೆಗೆ ಹಾಕಿದ. "ಸರಿ, ಇವತ್ತಿನ ಜಾಡಿ ನೋಡೋಣ," ಎಂದ. ಬೀಗವನ್ನು ಕೈಯಲ್ಲೇ ಇಟ್ಟುಕೊಂಡ.

ತಮ್ಮ ಬಂದವನು ಎಲ್ಲ ಕೇಳಿ ಜೋರಾಗಿ ನಕ್ಕ, ನಕ್ಕಿದ್ದು ಸ್ವಲ್ಪ ಹೆಚ್ಚೇ ಆಯಿತು. ಅಪ್ಪ ಅವನ ಕಡೆ ನೋಡಲೇ ಇಲ್ಲ. ಹತ್ತು ಲೀಟರ್ ಹೇಳಿದ್ದ ಕಡೆ ಇಪ್ಪತ್ತು ಲೀಟರ್ ಪೈಪಿನಲ್ಲಿ ಹರಿಸಿ ಬೇರೆ ಡಬ್ಬಿಗೆ ಬಿಟ್ಟರು. ತಾಮ್ರದ ತಂತಿ ಸಿಕ್ಕಿಸಿದರು. ತಾವೇ ಹಿಡಿಕೆ ತಿರುಗಿಸಿ ಹಳದಿಯದಕ್ಕೆ ತುಂಬಿಸಿದರು. ಗಡಿಯಾರ ನೋಡಿ ಕಾಲು ಗಂಟೆ ಕಾದರು. ಸ್ಪ್ಯಾನರಕ್ಕ ಜಾಡಿ ಹಿಡಿದು ರೆಕ್ಕೆಯ ಕೆಳಗೆ ಬಗ್ಗಿದಳು.

"ಬೇಡ ಬಿಡಕ್ಕ," ಎಂದ ತಮ್ಮ, ಅಪ್ಪನಿಗೆ ಕೇಳುವಷ್ಟು ಜೋರಾಗಿ. "ಅಪ್ಪ ತುಂಬಿಸಿದ್ಮೇಲೆ ನೋಡೋದೇನು? ನಂಗೆ ನಂಬಿಕೆಯಿದೆ." ಎಂದವನೇ ವಿಮಾನ ಹತ್ತಿ ಕೂತು ಬೆಲ್ಟು ಬಿಗಿದ.

ಸ್ಪ್ಯಾನರಕ್ಕನಿಗೆ ತಮ್ಮನ ಮೇಲೆ ಹುಟ್ಟಿದಾಗಿನಿಂದ ಇಲ್ಲದ ಪ್ರೀತಿ ಉಕ್ಕಿ ಬಂತು. ಇಪ್ಪತ್ತೆರಡು ವರ್ಷದ ಮೆಕ್ಯಾನಿಕ್ ಆಕೆ. ಆ ಒಂದು ಗಳಿಗೆ ಅದನ್ನೆಲ್ಲ ಮರೆತು ಜಾಡಿಯನ್ನು ಕೆಳಗಿಳಿಸಿಬಿಟ್ಟಳು.

"ಇಳಿಯೋ ಕೆಳಗೆ!"

ಅಂಥ ದನಿ ಆ ಮೈದಾನದಲ್ಲಿ ಯಾರೂ ಕೇಳಿರಲಿಲ್ಲ. ಆಚೆ ಹತ್ತಿ ಕೂತಿದ್ದ ಗಡ್ಡದ ಪೈಲಟ್ಟು ಕೂಡ ತನ್ನ ವಿಮಾನದಿಂದ ಇಳಿದುಬಿಟ್ಟ.

"ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ನೋಡದೆ ಹೋಗ್ತೀಯಾ?" ಅಪ್ಪ ವಿಮಾನದ ಬಾಗಿಲಿಗೇ ಬಂದಿದ್ದರು. "ಒಂದು ವಾರ ನಿನ್ನ ವಿಮಾನಕ್ಕೆ ನೀರು ಕುಡಿಸಿದೀನಿ ನಾನು. ಅದು ಗೊತ್ತಿದ್ದೂ ಹತ್ತಿ ಕೂತ್ಯಲ್ಲ, ನೀನೊಬ್ಬ ಪೈಲಟ್ಟಾ? ಇವಳು ನೋಡು, ಜಾಡಿ ಇಳಿಸಿಕೊಂಡು ನಿಂತಿದ್ದಾಳೆ. ನೀನೊಬ್ಬಳು ಮೆಕ್ಯಾನಿಕ್ಕಾ? ಅಪ್ಪ ಅಂತೆ, ನಂಬಿಕೆ ಅಂತೆ! ಇಂಜಿನ್ನಿಗೆ ಗೊತ್ತಾಗುತ್ತಾ ನಾನು ನಿಮ್ಮಪ್ಪ ಅಂತ?"

ತಮ್ಮ ಬೆಲ್ಟು ಬಿಚ್ಚಿ ಇಳಿದ. ನಲವತ್ತಾರು ವರ್ಷದ ಸ್ಪ್ಯಾನರಕ್ಕ ಏಟು ತಿಂದ ಹುಡುಗಿಯ ಹಾಗೆ ತಲೆ ತಗ್ಗಿಸಿ ನಿಂತಳು. ಅಪ್ಪ ಅವಳ ಕೈಯಿಂದ ಜಾಡಿ ಕಿತ್ತುಕೊಂಡು, ತಾವೇ ಮಂಡಿಯೂರಿ, ನಲ್ಲಿ ಒತ್ತಿ, ಕಾಲು ಜಾಡಿ ಇಳಿಸಿ ಎತ್ತಿ ಹಿಡಿದರು.

ತಳದಲ್ಲಿ ಎರಡು ಮಣಿ ಉರುಳಾಡಿದವು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ನಿನ್ನೆ ಮೊನ್ನೆಯದು ಟ್ಯಾಂಕಿನ ಮೂಲೆಯಲ್ಲಿ ಉಳಿದದ್ದು. ತಮ್ಮ ಸಿಳ್ಳೆ ಹಾಕಲು ತುಟಿ ಮುಂದೆ ತಂದ, ಗಾಳಿ ಮಾತ್ರ ಬಂತು. ಮ್ಯಾನೇಜರ್ ಹತ್ತಿರ ಬಂದು, "ಹಾಗಾದ್ರೆ ಬೀಗ..." ಎಂದು ಶುರುಮಾಡಿದ.

"ಹಳೇದು ಸಾರ್ ಅದು," ಎಂದರು ಅಪ್ಪ, ಜಾಡಿಯಿಂದ ಕಣ್ಣು ತೆಗೆಯದೆ. "ಸಿಕ್ಕಿದೆಯಲ್ಲ. ಸಿಗಲಿ ಅಂತಲೇ ನೋಡೋದು." ಚೆಲ್ಲಿ, ಮತ್ತೆ ಹಿಡಿದರು. ಒಂದು ಮಣಿ. ರೆಕ್ಕೆಗಳನ್ನು ಹಿಡಿದು ಅಲ್ಲಾಡಿಸಿ, ಕಾದು, ಮತ್ತೆ ಹಿಡಿದರು. ಇಲ್ಲ. ಇನ್ನೊಮ್ಮೆ ಹಿಡಿದರು, ಆಗಲೂ ಇಲ್ಲ. ಸೂರ್ಯನಿಗೆ ಎತ್ತಿ ಮೊದಲು ಮಗನಿಗೆ ತೋರಿಸಿದರು, ಆಮೇಲೆ ಮಗಳಿಗೆ, ಆಮೇಲೆ ಮ್ಯಾನೇಜರನಿಗೆ. ಅವನಿಗೆ ಏನು ನೋಡಬೇಕೆಂದು ತಿಳಿಯದಿದ್ದರೂ ನೋಡಿ, ಬೀಗವನ್ನು ಜೇಬಿಗೆ ಹಾಕಿಕೊಂಡು ಆಫೀಸಿನ ಕಡೆ ನಡೆದ.

"ಈಗ ಹೋಗು," ಎಂದರು ಅಪ್ಪ ಮಗನಿಗೆ.

ಇಂಜಿನ್ ಹತ್ತಿತು. ಹಳದಿ ವಿಮಾನ ಹುಲ್ಲಿನ ಮೇಲೆ ಓಡಿ, ನೆಲ ಬಿಟ್ಟು, ಬೇಲಿ ದಾಟಿ, ಕಲ್ಲು ಗಣಿಯ ಹಳ್ಳ ದಾಟಿತು. ಕೆಮ್ಮಲಿಲ್ಲ. ಬೆಟ್ಟದ ಕಡೆ ತಿರುಗಿ ಸಣ್ಣದಾಗಿ, ಸದ್ದೂ ಅಡಗುವವರೆಗೆ ಅಪ್ಪ ಅಲ್ಲಿಂದ ಕದಲಲಿಲ್ಲ. ಸ್ಪ್ಯಾನರಕ್ಕ ಪಕ್ಕಕ್ಕೆ ಬಂದು ನೋಡಿದರೆ ಜಾಡಿ ಇನ್ನೂ ಅವರ ಕೈಯಲ್ಲೇ ಇತ್ತು. ಪೆಟ್ರೋಲು ತುಳುಕಿ ಬೆರಳೆಲ್ಲ ಒದ್ದೆಯಾಗಿದ್ದವು. ಆಕೆ ಜಾಡಿಯನ್ನು ತೆಗೆದುಕೊಳ್ಳಲು ಹೋದಳು, ಅವರ ಹಿಡಿತ ಸಡಿಲವಾಗಲಿಲ್ಲ. ಬಿಡಬೇಕೆಂದು ಅವರಿಗೆ ಮನಸ್ಸಿತ್ತು, ಕೈ ಕೇಳುತ್ತಿರಲಿಲ್ಲ. ಒಂದೊಂದೇ ಬೆರಳನ್ನು ಆಕೆ ಬಿಡಿಸಬೇಕಾಯಿತು.

"ಬಿಳಿಯದು ಕಾಯ್ತಿದೆ ಕಣಪ್ಪ," ಎಂದಳು, ಬೈಯುವ ದನಿಯಲ್ಲೇ. "ಎಷ್ಟು ಹೊತ್ತು ನಿಂತಿರ್ತೀಯ? ಹೋಗಿ ಪಂಪ್ ತಿರುಗಿಸು."